ನೋಡಿ ಹೇಳಿದ ಇಲ್ಲ

ಹಡಗು ರಿಪೇರಿಯ ಆ ಅಂಗಳದಲ್ಲಿ ಅವನನ್ನು ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಆಫೀಸಿನಲ್ಲಿ ಟೈ ಕಟ್ಟಿಕೊಂಡು ಕೂತವರವರೆಗೆ ಎಲ್ಲರಿಗೂ ಅವನು ಜಿಲ್ಚ್. ಬೀದಿಯ ತರಕಾರಿಯವಳಿಗೆ ಜಿಲ್ಚಣ್ಣ. ಹೆಂಡತಿ ಅಂಗಡಿಗೆ ಹೋದರೆ, ‘ಜಿಲ್ಚ್ ಮನೆಯೋರು ಬಂದಿದಾರೆ, ಅವರಿಗೆ ಮೊದಲು ಕೊಡು’ ಎನ್ನುತ್ತಿದ್ದರು. ಇದರಿಂದ ಅವನಿಗೆ ಬೇಸರವೇನೂ ಇರಲಿಲ್ಲ. ಬೇಸರ ಎಲ್ಲಿಂದ ಬರಬೇಕು, ಒಳಗೊಳಗೇ ಹೆಮ್ಮೆಯಿತ್ತು. ಮೇಸ್ತ್ರಿಗೆ ಮೇಸ್ತ್ರಿ ಅಂತಾರೆ, ಡಾಕ್ಟರಿಗೆ ಡಾಕ್ಟರು ಅಂತಾರೆ, ನನಗೆ ಜಿಲ್ಚ್ ಅಂತಾರೆ ಎಂದು ಅವನ ಲೆಕ್ಕ. ಆ ಲೆಕ್ಕ ತಪ್ಪು ಎಂದು ತಿಳಿಯುವ ಹೊತ್ತಿಗೆ ಅವನ ತಲೆ ಪೂರ್ತಿ ನರೆತಿತ್ತು.

ಅವನ ಕೆಲಸ ಏನೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಡಗಿನ ತಳವೆಂದರೆ ದಂಡೆಯ ಮೇಲೆ ನಿಂತು ನೋಡುವವರು ಅಂದುಕೊಳ್ಳುವ ಹಾಗೆ ಒಂದೇ ತಗಡಲ್ಲ. ಅದು ಎರಡು ಪದರ. ನಡುವೆ ತಗ್ಗು ಸೂರಿನ ಕಬ್ಬಿಣದ ಕೋಣೆಗಳು. ಅವಕ್ಕೆ ಟ್ಯಾಂಕು ಎನ್ನುತ್ತಾರೆ. ಸರಕು ಇಳಿಸಿ ಹಗುರಾದ ಹಡಗು ಓಲಾಡದಿರಲೆಂದು ಅವುಗಳಿಗೆ ಸಮುದ್ರದ ನೀರು ತುಂಬಿಸುತ್ತಾರೆ, ಬೇಡವಾದಾಗ ಪಂಪು ಹಾಕಿ ಬಸಿಯುತ್ತಾರೆ. ಕೆಲವು ವರ್ಷಕ್ಕೊಮ್ಮೆ ಹಡಗು ಡಾಕಿಗೆ ಬರುತ್ತದೆ. ಡಾಕ್ ಎಂದರೆ ಸಮುದ್ರದ ಕಡೆ ಬಾಗಿಲಿರುವ ದೊಡ್ಡ ಹೊಂಡ. ಉಬ್ಬರದ ಹೊತ್ತಿನಲ್ಲಿ ಹಡಗನ್ನು ಒಳಗೆ ಸೇರಿಸಿ, ಬಾಗಿಲು ಮುಚ್ಚಿ, ನೀರು ಖಾಲಿ ಮಾಡಿದರೆ ಅದು ಕಟ್ಟೆಗಳ ಮೇಲೆ ಕೂರುತ್ತದೆ. ಆಮೇಲೆ ತುಕ್ಕು ಕೆರೆಯುವವರು, ಬೆಸುಗೆಯವರು, ಬಣ್ಣದವರು ಟ್ಯಾಂಕುಗಳಿಗೆ ಇಳಿಯುತ್ತಾರೆ. ಇಳಿಯಲು ಹಡಗಿನೊಳಗಿನ ನೆಲದಲ್ಲಿ ಇರುವುದು ಒಂದು ಮೊಟ್ಟೆಯಾಕಾರದ ಕಿಂಡಿ. ಊಟ ಸ್ವಲ್ಪ ಹೆಚ್ಚಾದವರು ಅದರಲ್ಲಿ ತೂರುವಂತಿಲ್ಲ.

ಎಲ್ಲರ ಕೆಲಸ ಮುಗಿದ ಮೇಲೆ, ಕಿಂಡಿಗೆ ಮುಚ್ಚಳ ಹಾಕಿ ಬೋಲ್ಟು ಬಿಗಿಯುವ ಮುಂಚೆ, ಒಬ್ಬ ಕೊನೆಯದಾಗಿ ಒಳಗೆ ಹೋಗಬೇಕು. ಟ್ಯಾಂಕಿನೊಳಗೆ ಅಡ್ಡಗೋಡೆಗಳು, ಗೋಡೆಗೊಂದು ತೂತು. ತೂತಿನಿಂದ ತೂತಿಗೆ ಮಂಡಿಯೂರಿ, ಕೆಲವು ಕಡೆ ಹೊಟ್ಟೆಯ ಮೇಲೆ ತೆವಳಿಕೊಂಡು, ಮೂಲೆಮೂಲೆಗೂ ಟಾರ್ಚು ಹಿಡಿದು ನೋಡಬೇಕು. ಯಾರಾದರೂ ಸುತ್ತಿಗೆ ಮರೆತಿದ್ದಾರೆಯೇ, ಚಿಂದಿ ಬಿಟ್ಟಿದ್ದಾರೆಯೇ, ಮನುಷ್ಯ ಉಳಿದಿದ್ದಾನೆಯೇ. ಮನುಷ್ಯ ಎಂದದ್ದು ತಮಾಷೆಗಲ್ಲ. ಒಮ್ಮೆ ಬಣ್ಣದ ವಾಸನೆಗೆ ತಲೆ ತಿರುಗಿ ಬಿದ್ದಿದ್ದ ಒಬ್ಬನನ್ನು ಇವನೇ ಕಾಲು ಹಿಡಿದು ಎಳೆದು ತಂದಿದ್ದ. ಇನ್ನು ಚಿಂದಿ ಎಂದರೆ ಏನು ಮಹಾ ಅನ್ನಿಸಬಹುದು. ಅದು ಪಂಪಿನ ಬಾಯಿಗೆ ಸಿಕ್ಕಿಕೊಂಡರೆ, ಗಾಳಿ ಎದ್ದ ನಡುನೀರಿನಲ್ಲಿ ಟ್ಯಾಂಕು ಬರಿದಾಗುವುದಿಲ್ಲ, ಹಡಗು ಒಂದೇ ಪಕ್ಕಕ್ಕೆ ವಾಲುತ್ತದೆ. ಒಳಗಿದ್ದವರು ಆಗ ಯಾರ ಮೇಲೆ ದೂರು ಹೇಳಬೇಕು.

ಹೀಗೆ ನೋಡಿ ಹೊರಗೆ ಬಂದವನು ಕಿಂಡಿಯ ಪಕ್ಕ ನಿಂತು ಗಟ್ಟಿಯಾಗಿ ‘ಜಿಲ್ಚ್’ ಎನ್ನಬೇಕು. ಆ ಮಾತು ಕಿವಿಗೆ ಬೀಳದೆ ಯಾರೂ ಮುಚ್ಚಳ ಮುಟ್ಟುವಂತಿರಲಿಲ್ಲ. ಇದು ಯಾವ ಕಾನೂನಿನಲ್ಲೂ ಇಲ್ಲ, ಅಂಗಳದವರೇ ಮಾಡಿಕೊಂಡದ್ದು. ಇವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ದೂರದೇಶದ ಒಬ್ಬ ಎಂಜಿನಿಯರ್ ಒಂದು ಹಡಗಿನ ಜೊತೆ ಬಂದಿದ್ದ. ಕೆಂಪು ಮುಖ, ದೊಡ್ಡ ನಗು. ಇವನು ಟ್ಯಾಂಕಿನಿಂದ ತಲೆ ಹೊರಗೆ ಹಾಕಿ ಕೈಯಾಡಿಸಿ ಏನೂ ಇಲ್ಲ ಎಂದು ಸನ್ನೆ ಮಾಡಿದಾಗಲೆಲ್ಲ ಆತ ‘ಜಿಲ್ಚ್’ ಎಂದು ಕೂಗಿ ಹೆಬ್ಬೆರಳು ಎತ್ತುತ್ತಿದ್ದ. ಅಂಗಳದವರು ಅದನ್ನು ಎಂಜಿನಿಯರಿಂಗ್ ಮಾತು ಎಂದು ತಿಳಿದರು. ಟ್ಯಾಂಕನ್ನು ಪೂರ್ತಿ ಪರೀಕ್ಷಿಸಲಾಗಿದೆ, ಮುಚ್ಚಬಹುದು ಎಂಬುದಕ್ಕೆ ದೊಡ್ಡ ಓದು ಓದಿದವರು ಬಳಸುವ ಪದ ಎಂದು. ಎಂಜಿನಿಯರ್ ಹೋದ, ಪದ ಉಳಿಯಿತು. ಅದನ್ನು ಅವರು ಎಷ್ಟು ಗೌರವದಿಂದ ಇಟ್ಟುಕೊಂಡರೆಂದರೆ, ಅದನ್ನು ತಮಾಷೆಗೆ ಕೂಗಿದ ಒಬ್ಬ ಬೆಸುಗೆಯವನಿಗೆ ಹಿರಿಯರು ಸೇರಿ ಉಗಿದದ್ದೂ ಉಂಟು.

ಇವನಿಗಂತೂ ಆ ಪದದ ಮೇಲೆ ದೊಡ್ಡ ನಂಬಿಕೆ. ‘ಇಲ್ಲ’ ಅನ್ನೋದನ್ನು ಯಾರು ಬೇಕಾದರೂ ಹೇಳಬಹುದು, ತಲೆ ಎತ್ತದೆಯೂ ಹೇಳಬಹುದು. ಜಿಲ್ಚ್ ಎನ್ನಬೇಕಾದರೆ ಮಂಡಿಗೆ ಕೊಳೆ ಹತ್ತಿರಬೇಕು ಎನ್ನುತ್ತಿದ್ದ. ಇದು ಮನೆಗೂ ಬಂದು ಸೇರಿಕೊಂಡಿತ್ತು. ಹೆಂಡತಿ ಹೊಲಿಗೆ ಮಿಷನ್ನಿನ ಮುಂದೆ ಕೂತು, ‘ಕತ್ತರಿ ಅಲ್ಲಿದ್ಯಾ ನೋಡಿ’ ಎಂದರೆ ಇವನು ಪೇಪರಿನಿಂದ ಕಣ್ಣು ತೆಗೆಯದೆ ‘ಇಲ್ಲ’ ಎನ್ನುವುದು, ಅವಳು ‘ಇಲ್ಲಾನೋ, ಜಿಲ್ಚೋ?’ ಎನ್ನುವುದು. ಆಗ ಇವನು ಗೊಣಗಿಕೊಂಡು ಎದ್ದು, ಮಂಚದ ಕೆಳಗೆ ಬಗ್ಗಿ, ಕತ್ತರಿ ಹಿಡಿದುಕೊಂಡು ಬರುತ್ತಿದ್ದ. ಗಂಡಸರು ಸಾಮಾನು ಹುಡುಕುವ ಪರಿ ಎಲ್ಲ ಮನೆಯಲ್ಲೂ ಒಂದೇ. ಈ ಮನೆಯಲ್ಲಿ ಅದಕ್ಕೊಂದು ಮದ್ದು ಸಿಕ್ಕಿತ್ತು ಅಷ್ಟೆ.

ಅವರಿಗೆ ಒಬ್ಬಳೇ ಮಗಳು. ಊರಿನ ಲೈಬ್ರರಿಯಲ್ಲಿ ಕೆಲಸ. ಪುಸ್ತಕ ಕೊಡುವುದು, ತಗೊಳ್ಳುವುದು, ಮಧ್ಯೆ ಬಿಡುವಾದರೆ ನಿಘಂಟು ತಿರುವುವುದು. ಕೆಲವರು ಕಡಲೆಕಾಯಿ ತಿನ್ನುವ ಹಾಗೆ ಅವಳಿಗೆ ಪದಗಳ ಚಟ. ಒಂದು ದಿನ ಜೊತೆಯವರ ಹತ್ತಿರ ಅಪ್ಪನ ಕೆಲಸ ವಿವರಿಸುತ್ತ ‘ಅವರು ಜಿಲ್ಚ್’ ಎಂದಳು. ಒಬ್ಬಾಕೆ ನಕ್ಕಳು. ಏಕೆ ನಕ್ಕಳೆಂದು ತಿಳಿಯದೆ ಮಗಳು ದಪ್ಪ ದಪ್ಪ ಪುಸ್ತಕ ಇಳಿಸಿಕೊಂಡು ಕೂತಳು. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಸುದ್ದಿ ತೆಗೆದಳು. ಅವಳಲ್ಲಿ ಕುಹಕ ಇರಲಿಲ್ಲ, ಸಿಕ್ಕಿದ್ದನ್ನು ಹಂಚುವ ಸಂಭ್ರಮವಷ್ಟೇ.

‘ಅಪ್ಪ, ನಿನ್ನ ಪದ ಸಿಕ್ತು. ಅದು ಹಡಗಿನ ಮಾತೇ ಅಲ್ಲ.’

‘ಮತ್ತೆ?’

‘ಇಂಗ್ಲಿಷಲ್ಲಿ ಆಡುಮಾತು. ಸೊನ್ನೆ, ಏನೇನೂ ಇಲ್ಲ ಅಂತ ಅರ್ಥ. ಒಂದು ದಾಳದ ಆಟ ಇದ್ಯಂತೆ, ಅದರಲ್ಲಿ ಒಂದೂ ಪಾಯಿಂಟ್ ಬರಲಿಲ್ಲ ಅಂದ್ರೆ ಜಿಲ್ಚ್ ಅಂತಾರಂತೆ. ಎಲ್ಲಿಂದ ಬಂತು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಸೊನ್ನೆಗಿರೋ ಇಂಗ್ಲಿಷ್ ಪದಾನ ತಿರುಚಿ ಮಾಡಿದ್ದು ಅಂತ ಕೆಲವರ ಊಹೆ. ಆದ್ರೆ ಅದಕ್ಕೂ ಮುಂಚೆ ಅದು ಒಬ್ಬ ಮನುಷ್ಯನ ಹೆಸರಾಗಿತ್ತು.’

‘ಯಾರವನು?’ ಎಂದಳು ತಾಯಿ.

‘ಯಾರೂ ಅಲ್ಲ. ಅದೇ ತಮಾಷೆ. ನೂರು ವರ್ಷದ ಹಿಂದೆ ಅಮೆರಿಕದ ಕಾಲೇಜು ಹುಡುಗರು, ಲೆಕ್ಕಕ್ಕಿಲ್ಲದವನು ಅನ್ನೋದಕ್ಕೆ ಆ ಹೆಸರು ಹೇಳ್ತಿದ್ರಂತೆ. ಆಮೇಲೆ ಒಂದು ನಗೆಪತ್ರಿಕೆಯೋರು ಇಲ್ಲದೇ ಇರೋ ಒಬ್ಬನಿಗೆ ಅದೇ ಹೆಸರಿಟ್ಟು ಜೋಕು ಹಾಕಿದ್ರು. ಹಾಗೇ ನಡೀತಾ ನಡೀತಾ ಮನುಷ್ಯ ಮಾಯ ಆದ, ಏನೂ ಇಲ್ಲ ಅನ್ನೋ ಅರ್ಥ ಮಾತ್ರ ಉಳೀತು.’

‘ಆ ಹೆಸರಿನ ನಿಜವಾದ ಮನೆತನ ಏನಾದ್ರೂ ಇದ್ಯಾ?’

‘ಇದೆ ಅಮ್ಮ. ಜರ್ಮನಿ ಕಡೆ.’

‘ಅಯ್ಯೋ ಪಾಪ’ ಎಂದಳು ತಾಯಿ. ‘ಹೆಣ್ಣು ಕೇಳೋಕೆ ಹೋದಾಗ ಯಾವ ಮನೆಯೋರು ಅಂದ್ರೆ ಏನು ಹೇಳ್ತಾರೋ.’

ತಾಯಿ ಮಗಳು ನಕ್ಕರು. ಅವನೂ ನಕ್ಕ. ನಗದಿದ್ದರೆ ಚೆನ್ನಾಗಿರುವುದಿಲ್ಲ. ಆದರೆ ಕೈ ತೊಳೆಯಲು ಹೋದವನು ನಲ್ಲಿ ತಿರುಗಿಸಿ, ಕೈ ತೊಳೆದಾದ ಮೇಲೂ ನೀರು ಬಿಟ್ಟುಕೊಂಡು ನಿಂತಿದ್ದ. ಅವನಿಗೆ ಅವಮಾನವಾಗಿತ್ತು. ಇಡೀ ಆಯಸ್ಸು ತನ್ನನ್ನು ಕರೆದದ್ದು ಬಿರುದು ಎಂದುಕೊಂಡಿದ್ದ, ಅದು ನೋಡಿದರೆ ಯಾರೂ ಅಲ್ಲದವನ ಹೆಸರು. ಮೇಲಿನ ಆಫೀಸಿನವರಿಗೆ ಇಂಗ್ಲಿಷ್ ಬರುತ್ತದೆ. ಅವರಿಗೆ ಮೊದಲಿನಿಂದಲೂ ಗೊತ್ತಿದ್ದಿರಬೇಕು. ‘ಏನಪ್ಪಾ ಜಿಲ್ಚ್, ಹೇಗಿದೀಯ’ ಎಂದು ಬೆನ್ನು ತಟ್ಟುತ್ತಿದ್ದರಲ್ಲ, ಆಗೆಲ್ಲ ಹಲ್ಲು ಕಿರಿದು ನಿಂತಿದ್ದೆನಲ್ಲ ಎಂದುಕೊಂಡ. ಆ ಕೆಂಪು ಮುಖದವನ ನಗು ಕೂಡ ನೆನಪಾಯಿತು. ಅವನು ಹೆಬ್ಬೆರಳು ಎತ್ತಿದ್ದು ಟ್ಯಾಂಕಿಗೋ, ನನಗೋ?

ಮಾರನೆಯ ದಿನ ಅಂಗಳದಲ್ಲಿ ಅವಸರವೋ ಅವಸರ. ಡಾಕಿನಲ್ಲಿದ್ದ ಸರಕು ಹಡಗು ಮರುದಿನ ಬೆಳಗಿನ ಉಬ್ಬರಕ್ಕೆ ತೇಲಬೇಕು, ಅದರ ಜಾಗಕ್ಕೆ ಇನ್ನೊಂದು ಹಡಗು ಹೊರಗೆ ಕಾದು ನಿಂತಿದೆ. ಇವನು ಬೆಳಗಿನಿಂದ ಟ್ಯಾಂಕಿನಿಂದ ಟ್ಯಾಂಕಿಗೆ ಇಳಿದು ಹತ್ತಿದ. ಪ್ರತಿ ಸಲ ಆ ಪದ ಹೇಳುವಾಗಲೂ ಬಾಯಿಗೆ ಕಲ್ಲು ಸಿಕ್ಕಂತಾಗುತ್ತಿತ್ತು. ಕೊನೆಯ ಟ್ಯಾಂಕಿಗೆ ಬರುವಷ್ಟರಲ್ಲಿ ಮಂಡಿ ನೋಯುತ್ತಿತ್ತು, ಮನಸ್ಸು ಅದಕ್ಕಿಂತ ಹೆಚ್ಚು. ಅರ್ಧಕ್ಕಿಂತ ಹೆಚ್ಚು ತೆವಳಿದ್ದ. ಮುಂದಿನ ತೂತಿನಲ್ಲಿ ಟಾರ್ಚು ಹಿಡಿದ, ಎರಡು ಅಡ್ಡಗೋಡೆಗಳ ನಡುವಿನ ಒಂದು ಅಂಕಣ ಕಂಡಿತು. ಅದರಾಚೆಯ ಮೂಲೆ, ಪಂಪಿನ ಕೊಳವೆ ಬಾಯಿ ತೆರೆದುಕೊಂಡಿರುವ ಜಾಗ, ಕಾಣಲಿಲ್ಲ. ಏನೂ ಇಲ್ಲದ್ದನ್ನು ನೋಡಿ ಬರೋಕೆ ಯಾಕೆ ಮಂಡಿ ಸವೆಸಬೇಕು ಎಂದುಕೊಂಡ. ಅಲ್ಲಿಂದಲೇ ತಿರುಗಿದ.

ಹೊರಗೆ ಬಂದು ಜಿಲ್ಚ್ ಎಂದ. ಬೋಲ್ಟು ಬಿಗಿಯುವವನು ಮುಚ್ಚಳ ಎಳೆದ. ಈ ಬೋಲ್ಟಿನವನಿಗೆ ಅಂಗಳದಲ್ಲಿ ಮುಂಗೋಪಿ ಎಂದು ಹೆಸರು, ಹೆಸರಿಗೆ ತಕ್ಕ ಹಾಗೆ ಅವನು ಯಾರ ಜೊತೆಗೂ ಸರಿಯಾಗಿ ಮಾತಾಡಿದವನಲ್ಲ. ಯಾವುದೋ ಕಾಲದಲ್ಲಿ ಚಹಾದ ಸರದಿಯ ವಿಷಯಕ್ಕೆ ಇವನ ಜೊತೆ ಜಗಳವಾಗಿ, ಆಮೇಲೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಮುಂಗೋಪಿ ಬಿಗಿದು ಮುಗಿಸಿ ಸ್ಪ್ಯಾನರು ಹೆಗಲಿಗೆ ಹಾಕಿಕೊಂಡು ಹೊರಟ. ಸಂಜೆ ಗೇಟಿನಲ್ಲಿ ತಲೆ ಎಣಿಸಿದರು, ಎಲ್ಲರೂ ಹೊರಗೆ ಬಂದಿದ್ದರು. ಹಾಗಾಗಿ ಮನುಷ್ಯನಂತೂ ಒಳಗಿಲ್ಲ ಎಂಬುದು ಖಾತ್ರಿಯಾಯಿತು. ಇವನು ಅಷ್ಟರಲ್ಲೇ ಸಮಾಧಾನ ತಂದುಕೊಂಡು ಮನೆಗೆ ಬಂದ.

ಆ ಸಮಾಧಾನ ದೀಪ ಹಚ್ಚುವವರೆಗೂ ಬಾಳಲಿಲ್ಲ. ಹೆಂಡತಿ ಹೊಲಿಯುತ್ತ ಕೂತವಳು, ‘ನನ್ನ ಕನ್ನಡಕದ ಡಬ್ಬಿ ಕಪಾಟಿನಲ್ಲಿದ್ಯಾ?’ ಎಂದಳು.

‘ಇಲ್ಲ.’

‘ಇಲ್ಲಾನೋ, ಜಿಲ್ಚೋ?’

ಅವನು ಏಳಲೂ ಇಲ್ಲ, ಗೊಣಗಲೂ ಇಲ್ಲ. ಅವಳು ತಿರುಗಿ ನೋಡಿದಳು. ಗಂಡನ ಮುಖ ಬಿಳಿಚಿಕೊಂಡಿತ್ತು.

‘ಏನಾಯ್ತು? ಮೈ ಸರಿಯಿಲ್ವಾ?’

‘ಇವತ್ತು ಒಂದು ಟ್ಯಾಂಕು ಪೂರ್ತಿ ನೋಡಲಿಲ್ಲ’ ಎಂದ. ‘ನೋಡ್ದೆ ಹೇಳ್ಬಿಟ್ಟೆ.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವಳು ಗಾದೆ ಹೇಳುವ ಹೆಂಗಸಲ್ಲ. ಮಿಷನ್ನು ನಿಲ್ಲಿಸಿ, ಬಟ್ಟೆ ಮಡಿಸಿಟ್ಟು, ಎದುರಿಗೆ ಬಂದು ಕೂತಳು.

‘ಅಲ್ಲಿ ಏನಾದ್ರೂ ಇದ್ಯಾ?’

‘ಇರಲಿಕ್ಕಿಲ್ಲ.’

‘ನಾಳೆ ಹೋಗಿ ಹೇಳಿದ್ರೆ?’

‘ಉಬ್ಬರ ತಪ್ಪುತ್ತೆ. ಹಡಗು ಒಂದು ದಿನ ನಿಲ್ಲುತ್ತೆ. ನನ್ನನ್ನ ಟ್ಯಾಂಕಿನಿಂದ ತೆಗೀತಾರೆ.’

‘ಹೇಳದಿದ್ರೆ?’

ಹಡಗಿನಲ್ಲಿ ಹೋಗುವವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಅವರು ಮಾತ್ರ ತಮ್ಮ ಕಾಲಡಿಯ ಟ್ಯಾಂಕನ್ನು ಯಾರೋ ನೋಡಿದ್ದಾರೆ ಎಂದು ನಂಬಿಕೊಂಡು ಹೋಗುವವರು. ಮಗಳು ಒಳಕೋಣೆಯಿಂದ ಬಂದು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ತಾನು ಹೇಳಿದ್ದೇ ಹೆಚ್ಚಾಗಿದೆ ಅನ್ನಿಸಿರಬೇಕು, ಕಪಾಟು ತೆರೆದು ತಾಯಿಯ ಕನ್ನಡಕದ ಡಬ್ಬಿ ಹುಡುಕತೊಡಗಿದಳು.

ಬೆಳಿಗ್ಗೆ ಅವನು ಎಲ್ಲರಿಗಿಂತ ಮೊದಲು ಹೋಗಿ ಫೋರ್ಮನ್ನಿನ ಕೋಣೆಯ ಮುಂದೆ ನಿಂತ. ಫೋರ್ಮನ್ ಒಳ್ಳೆಯವನೇ, ಆದರೆ ಉಬ್ಬರದ ದಿನ ಯಾವ ಫೋರ್ಮನ್ನೂ ಒಳ್ಳೆಯವನಾಗಿರುವುದಿಲ್ಲ. ಕೇಳಿದವನು ಮೊದಲು ನಂಬಲಿಲ್ಲ, ಆಮೇಲೆ ಟೋಪಿ ತೆಗೆದು ಮೇಜಿನ ಮೇಲೆ ಕುಕ್ಕಿದ.

‘ಬೇಲೀನೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲಯ್ಯಾ. ಬೇರೆ ಯಾರಾದ್ರೂ ಆಗಿದ್ರೆ ಒಂದು ಮಾತು. ನೀನು?’

‘ಹೌದು, ನಾನೇ.’

‘ಇನ್ನೇನು ನೀರು ಬಿಡೋ ಹೊತ್ತು. ಒಂದು ಮೂಲೆ ನೋಡದೇ ಇದ್ರೆ ಆಕಾಶ ಕಳಚಿ ಬೀಳುತ್ತಾ?’

‘ಬೀಳದೇ ಇರಬಹುದು. ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದನ್ನೇ ಹೇಳೋಕೆ ಬಂದೆ.’

ಕೇಳಿಸಿಕೊಂಡ ಮೇಲೆ ಕೇಳಿಸಿಕೊಳ್ಳದ ಹಾಗೆ ಇರಲು ಫೋರ್ಮನ್ನಿಗೆ ದಾರಿ ಇರಲಿಲ್ಲ. ಅವನು ಬೈಯುತ್ತಲೇ ಮುಂಗೋಪಿಯನ್ನು ಕರೆಸಿದ. ಬೋಲ್ಟುಗಳು ಬಿಚ್ಚಿದವು. ಹೊಸ ಬಣ್ಣದ ಗಾಳಿ ಹೊರಗೆ ಹೋಗಲೆಂದು ಫ್ಯಾನಿನ ಕೊಳವೆ ಬಿಟ್ಟು ಕಾಯಬೇಕಾಯಿತು. ಕಾಯುತ್ತಿರುವಾಗಲೇ ಡಾಕಿನ ಬಾಗಿಲಾಚೆ ನೀರು ಏರಿತು, ನಿಂತಿತು, ಇಳಿಯಲು ಶುರುವಾಯಿತು. ಸುದ್ದಿ ಹರಡಿ ಬೆಸುಗೆಯವರು, ಬಣ್ಣದವರು, ಆಫೀಸಿನ ಇಬ್ಬರು ಬಂದು ಕಿಂಡಿಯ ಸುತ್ತ ನೆರೆದರು. ಬಣ್ಣದವರು ತಮ್ಮ ತಮ್ಮಲ್ಲೇ ಪಿಸುಗುಟ್ಟುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತಾವು ಏನಾದರೂ ಮರೆತಿದ್ದೇವೆಯೇ ಎಂದು ಅವರಿಗೆ ಚಿಂತೆ.

ಅವನು ಇಳಿದ. ನಿನ್ನೆ ನೋಡಿದ ಅಂಕಣಗಳನ್ನೂ ಇನ್ನೊಮ್ಮೆ ನೋಡಿದ. ನಿನ್ನೆ ತಿರುಗಿದ ತೂತಿನಲ್ಲಿ ಈ ಸಲ ಭುಜ ತೂರಿಸಿದ. ತೆವಳುತ್ತ ತೆವಳುತ್ತ, ದೇವರೇ, ಏನಾದರೂ ಸಿಗಲಿ ಎಂದು ಬೇಡಿಕೊಂಡ. ಜೀವನವಿಡೀ ಏನೂ ಸಿಗದಿರಲಿ ಎಂದು ಒಳಗಿಳಿದವನು ಮೊದಲ ಸಲ ಸಿಗಲಿ ಎಂದು ಕೇಳಿಕೊಂಡದ್ದು. ಒಂದು ಚಿಂದಿ ಸಾಕು. ಒಂದು ನಟ್ಟು ಸಾಕು. ಅದನ್ನು ಎತ್ತಿ ಹಿಡಿದು ಹೊರಗೆ ಬಂದರೆ ಫೋರ್ಮನ್ ಬೆನ್ನು ತಟ್ಟುತ್ತಾನೆ, ಹಡಗು ಉಳಿಸಿದ ಎನ್ನುತ್ತಾರೆ, ಉಬ್ಬರ ತಪ್ಪಿದ್ದಕ್ಕೆ ಕಾರಣ ಸಿಗುತ್ತದೆ.

ಕೊನೆಯ ಮೂಲೆಯಲ್ಲಿ ಟಾರ್ಚು ಹಿಡಿದ. ಬೂದು ಬಣ್ಣ ಒಣಗಿ ನುಣ್ಣಗಿತ್ತು. ಪಂಪಿನ ಬಾಯಿಗೆ ಕೈ ಹಾಕಿ ಸುತ್ತ ಸವರಿದ. ಒಂದು ಎಳೆ ನೂಲು ಕೂಡ ಇರಲಿಲ್ಲ.

ಅವನು ಅಲ್ಲೇ ಮೊಣಕೈ ಊರಿ ಬಿದ್ದುಕೊಂಡ. ಪ್ಯಾಂಟಿನ ಜೇಬಿನಲ್ಲಿ ಟಾರ್ಚಿನ ಗಾಜು ಒರೆಸುವ ಬಟ್ಟೆಯಿತ್ತು. ಅಂಗಳದ ಉಗ್ರಾಣದಿಂದ ಎಲ್ಲರಿಗೂ ಕೊಡುವ ಅದೇ ಬಟ್ಟೆ, ಅಂಥದ್ದು ಪ್ರತಿಯೊಬ್ಬನ ಜೇಬಿನಲ್ಲೂ ಇರುತ್ತದೆ. ಕೈ ತಾನಾಗಿ ಅದನ್ನು ಹೊರಗೆ ತೆಗೆಯಿತು. ಯಾರದೆಂದು ಯಾರು ಕಂಡಾರು? ಬಣ್ಣದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾಗುತ್ತಾರೆ. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಅವನು ಒಂದೆರಡು ಅಂಕಣ ದಾಟಿದ. ಮೇಲಿನ ಮಾತುಗಳು ಕೇಳತೊಡಗಿದವು, ಕಿಂಡಿಯ ಬೆಳಕು ಕಂಡಿತು. ಆಗ ಅವನಿಗೆ ತನ್ನ ಮೇಲೆ ಎಂಥ ಅಸಹ್ಯ ಬಂತೆಂದರೆ, ಭಾನುವಾರದ ಅವಮಾನ ಅದರ ಮುಂದೆ ಏನೂ ಅಲ್ಲ. ನೋಡದೆ ಇಲ್ಲ ಎಂದದ್ದು ಸಾಲದೆ, ಇಲ್ಲದ್ದನ್ನು ಇದೆ ಎನ್ನಲು ಹೊರಟಿದ್ದೇನಲ್ಲ, ನಾಳೆಯಿಂದ ಯಾವ ಬಾಯಲ್ಲಿ ಹೆಂಡತಿಯ ಕತ್ತರಿ ಹುಡುಕಲಿ ಎಂದುಕೊಂಡ. ಬಟ್ಟೆಯನ್ನು ಮಡಿಸಿ ಜೇಬಿನ ತಳಕ್ಕೆ ತಳ್ಳಿದ.

ಹೊರಗೆ ಬಂದು ನಿಂತಾಗ ಎಲ್ಲರ ಕಣ್ಣೂ ಅವನ ಕೈಯ ಮೇಲೆಯೇ ಇತ್ತು. ಅವನು ಎರಡೂ ಅಂಗೈ ಬಿಚ್ಚಿ ತೋರಿಸಿದ.

‘ಜಿಲ್ಚ್’ ಎಂದ, ಗಟ್ಟಿಯಾಗಿ.

ಬಣ್ಣದವರು ಉಸಿರು ಬಿಟ್ಟರು. ಆಫೀಸಿನವರಲ್ಲಿ ಒಬ್ಬ ನಕ್ಕ. ‘ಬೆಟ್ಟ ಅಗೆದು ಇಲಿ ಹಿಡಿಯೋದು ಕೇಳಿದ್ದೆ’ ಎಂದ, ‘ಇದರಲ್ಲಿ ಇಲೀನೂ ಇಲ್ಲವಲ್ಲ.’

ಫೋರ್ಮನ್ ನಗಲಿಲ್ಲ. ‘ನಿನ್ನೆ ನೋಡದೆ ಖಾಲಿ ಅಂದೆ, ಇವತ್ತು ನೋಡಿ ಖಾಲಿ ಅಂದೆ. ನನಗೆ ಸಿಕ್ಕಿದ್ದೇನು? ಒಂದು ದಿನ ಹೋಯ್ತು’ ಎಂದ. ಕೈಗಡಿಯಾರ ನೋಡಿ, ‘ನಾಳೆಯಿಂದ ನೀನು ಉಗ್ರಾಣಕ್ಕೆ ಹೋಗು. ಇದು ನಿನ್ನ ಕೊನೇ ಟ್ಯಾಂಕು’ ಎಂದು ಸೇರಿಸಿದ. ಅವನು ತಲೆಯಾಡಿಸಿದ. ಅದು ನ್ಯಾಯವೆಂದೇ ಅವನಿಗೂ ಅನ್ನಿಸಿತು. ಆದರೂ ಎಲ್ಲರೆದುರು ಅಳು ಬಂದರೆ ಏನು ಮಾಡುವುದೆಂದು ಬೂಟಿನ ಕಡೆ ನೋಡುತ್ತ ನಿಂತ.

ಫೋರ್ಮನ್ ಮುಂಗೋಪಿಯ ಕಡೆ ತಿರುಗಿದ. ‘ಮುಚ್ಚೋದಕ್ಕೆ ಮುಂಚೆ ನೀನೂ ಒಂದು ಸಲ ಇಳಿದು ನೋಡ್ಕೊಂಡು ಬಾ. ಇನ್ನು ಇವನ ಮಾತಿನ ಮೇಲೆ ನಾನು ಬೋಲ್ಟು ಹಾಕಿಸಲ್ಲ.’ ಟಾರ್ಚನ್ನು ಅವನ ಕೈಗೆ ಕೊಟ್ಟ.

ಮುಂಗೋಪಿ ಟಾರ್ಚು ತೆಗೆದುಕೊಂಡ. ಕಿಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಇವನ ಬೆವೆತ ಮುಖ, ಬೂದು ಬಣ್ಣ ಮೆತ್ತಿದ ಮಂಡಿ, ಮೊಣಕೈ ಎಲ್ಲವನ್ನೂ ಒಮ್ಮೆ ನೋಡಿದ. ಆಮೇಲೆ ಟಾರ್ಚನ್ನು ನೆಲದ ಮೇಲಿಟ್ಟು ಮುಚ್ಚಳಕ್ಕೆ ಕೈ ಹಾಕಿದ.

‘ನಿನಗೆ ಹೇಳಿದ್ದು ಕೇಳಿಸ್ತಾ?’ ಎಂದ ಫೋರ್ಮನ್.

‘ಕೇಳಿಸ್ತು’ ಎಂದ ಮುಂಗೋಪಿ. ‘ಅವನು ನೋಡಿದಾನೆ.’

ಮುಚ್ಚಳ ತನ್ನ ಜಾಗಕ್ಕೆ ಕೂತಿತು. ಮುಂಗೋಪಿ ಮೊದಲ ಬೋಲ್ಟು ಹಾಕಿ ಸ್ಪ್ಯಾನರು ತಿರುಗಿಸತೊಡಗಿದ. ಫೋರ್ಮನ್ ಕೈಯಲ್ಲಿದ್ದ ಟೋಪಿ ತಲೆಗೇರಿಸಿ ಮೆಟ್ಟಿಲು ಹತ್ತಿ ಹೋದ.